ತೊಳೆದದ್ದು: ಅರವತ್ತು ನಿಮಿಷ

ಚಿತ್ರ ಮಾಯವಾಗುವ ಹೊತ್ತಿನಲ್ಲಿ ಅವನಿಗೆ ಯಾವಾಗಲೂ ಒಂದು ಬಗೆಯ ಕಳ್ಳ ಖುಷಿಯಾಗುತ್ತಿತ್ತು. ಕಪ್ಪು ಬಿಳುಪಿನ ಪ್ರಿಂಟೊಂದನ್ನು ಹಳದಿ ದ್ರಾವಣದ ಟ್ರೇಯೊಳಗೆ ಇಳಿಬಿಟ್ಟು, ಟ್ರೇಯ ಒಂದು ಮೂಲೆಯನ್ನು ಬೆರಳಿನಿಂದ ಎತ್ತಿ ಇಳಿಸಿ, ಎತ್ತಿ ಇಳಿಸಿ, ದ್ರಾವಣ ಕಾಗದದ ಮೇಲೆ ಹೋಗಿ ಬರುವಂತೆ ಮಾಡುತ್ತಿದ್ದರೆ ಮೊದಲು ತಿಳಿಬೂದು ಜಾರಿಕೊಳ್ಳುತ್ತದೆ, ಆಮೇಲೆ ನಡುಬೂದು, ಕೊನೆಗೆ ಕಡುಗಪ್ಪು ಕೂಡ ಹಟ ಬಿಟ್ಟು ಒಣಹುಲ್ಲಿನ ಬಣ್ಣಕ್ಕೆ ಬಂದು ನಿಲ್ಲುತ್ತದೆ. ನೋಡುವವರ ಎದೆ ಧಸಕ್ಕೆನ್ನಬೇಕು. ಅವನಿಗೆ ಮಾತ್ರ ಗೊತ್ತು, ಅದು ಎಲ್ಲಿಗೂ ಹೋಗಿಲ್ಲ. ಲೋಹದ ಬೆಳ್ಳಿಯಾಗಿದ್ದದ್ದು ಬೆಳ್ಳಿಯ ಬ್ರೋಮೈಡ್ ಆಗಿ ಕಾಗದದ ಮೇಲಿನ ಅಂಟಿನಲ್ಲೇ ಬಚ್ಚಿಟ್ಟುಕೊಂಡು ಕೂತಿದೆ. ತೊಳೆದು ಮುಂದಿನ ಟ್ರೇಗೆ ಹಾಕಿದರೆ ಕಂದು ಬಣ್ಣ ತೊಟ್ಟು ವಾಪಸು ಬರುತ್ತದೆ, ಮೊದಲಿಗಿಂತ ಆಳವಾಗಿ, ಬೆಚ್ಚಗೆ, ಇನ್ನು ನೂರು ವರ್ಷ ಮಾಸದ ಹಾಗೆ. ಬಸ್ಸಿನ ವೇಳೆಯ ಮೇಲೆ, ಪ್ರಿನ್ಸಿಪಾಲರ ಮಾತಿನ ಮೇಲೆ, ತನ್ನದೇ ಮಂಡಿಗಳ ಮೇಲೆ ಇಲ್ಲದ ನಂಬಿಕೆ ಅವನಿಗೆ ಈ ಎರಡು ಟ್ರೇಗಳ ಮೇಲಿತ್ತು.

ಆದರೆ ಈ ಭಾನುವಾರ ಬೆಳಿಗ್ಗೆ, ಬಾತ್‌ರೂಮಿನಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕಾಲು ಮಡಚಿ ಕೂತು ಟ್ರೇ ಅಲ್ಲಾಡಿಸುತ್ತಿದ್ದವನಿಗೆ ಆ ಖುಷಿ ಪೂರ್ತಿ ಬಂದಿರಲಿಲ್ಲ. ಟ್ರೇಯಲ್ಲಿದ್ದದ್ದು ಅಕ್ಕನ ಫೋಟೋ. ಹನ್ನೊಂದಕ್ಕೆ ಅಕ್ಕ ಬರುತ್ತಾಳೆ, ಅಂದರೆ ಹತ್ತೂಮುಕ್ಕಾಲಿಗೆ ಬರುತ್ತಾಳೆ. ಇದನ್ನು ಮಾಡಿಕೊಡೆಂದು ಅವಳೇನೂ ಕೇಳಿರಲಿಲ್ಲ. ಹದಿನೈದು ದಿನದ ಹಿಂದೆ ಅವಳ ಮನೆಯಲ್ಲಿ ಊಟಕ್ಕೆ ಕೂತಾಗ, ಸ್ವಿಚ್ ಬೋರ್ಡಿನ ಪಕ್ಕ ತೂಗುಹಾಕಿದ್ದ ಚೌಕಟ್ಟಿನ ಅಂಚಿನಲ್ಲಿ ಹಳದಿ ಏರುತ್ತಿದ್ದುದನ್ನು ಕಂಡು, ಕೈತೊಳೆಯುವ ಮೊದಲೇ ಭಾಷಣ ಶುರುಮಾಡಿದವನು ಅವನೇ. ಹೀಗೇ ಬಿಟ್ಟರೆ ಹತ್ತು ವರ್ಷದಲ್ಲಿ ಕಥೆ ಮುಗೀತು, ಕಂದು ಬಣ್ಣಕ್ಕೆ ತಿರುಗಿಸಿದರೆ ಬೆಳ್ಳಿ ಗಟ್ಟಿಯಾಗಿ ಸಲ್ಫೈಡ್ ಆಗಿ ನೂರು ವರ್ಷ ಅಲ್ಲಾಡುವುದಿಲ್ಲ. "ನೂರು ವರ್ಷ ಇಟ್ಕೊಂಡು ನಾನೇನೋ ಮಾಡ್ಲಿ? ನಂಗೆ ಇಪ್ಪತ್ತು ವರ್ಷ ಸಾಕು" ಅಂದಿದ್ದಳು ಅಕ್ಕ. ಭಾವ ಪೇಪರಿನ ಹಿಂದಿನಿಂದಲೇ, "ಕೊಡು ಕೊಡು, ಅರೆಗ್ರಾಮು ಕೈಗೆ ಕೊಟ್ರೆ ಏನೂ ಆಗಲ್ಲ" ಅಂದಿದ್ದರು. ಎಲ್ಲರೂ ನಕ್ಕರು. ಅದು ಅವನ ಅಡ್ಡಹೆಸರು. ಕಾಲೇಜಿಗೆ ಸೇರಿದ ಹೊಸತರಲ್ಲಿ ಅಮ್ಮನ ಚಹಾಪುಡಿಯನ್ನು ತಕ್ಕಡಿಯಲ್ಲಿ ತೂಗಿ, ಒಂದು ಲೋಟಕ್ಕೆ ಅರ್ಧ ಗ್ರಾಂ ಜಾಸ್ತಿ ಹಾಕುತ್ತಿದ್ದೀಯ ಎಂದು ಸಾಬೀತುಮಾಡಿದ್ದಕ್ಕೆ ಸಿಕ್ಕ ಬಿರುದು. ಅಮ್ಮ ಆವತ್ತು ಆ ಅರ್ಧ ಗ್ರಾಮನ್ನು ಚಿಟಿಕೆಯಲ್ಲಿ ತೆಗೆದು ಅವನ ತಲೆಯ ಮೇಲೇ ಉದುರಿಸಿದ್ದಳು. ಅಕ್ಕ ಚೌಕಟ್ಟನ್ನು ಗೋಡೆಯಿಂದ ಇಳಿಸಿ, ಧೂಳು ಒರೆಸಿ, ಕೊಡುವ ಮುನ್ನ ಒಂದು ಗಳಿಗೆ ತನ್ನ ಕೈಯಲ್ಲೇ ಇಟ್ಟುಕೊಂಡಿದ್ದಳು. "ಹಾಳು ಮಾಡಿದ್ಯೋ, ಚರ್ಮ ಸುಲೀತೀನಿ. ಅಮ್ಮ ಇರೋದು ಇದೊಂದರಲ್ಲೇ."

"ರೀ," ಬಾಗಿಲಾಚೆಯಿಂದ ಹೆಂಡತಿ. "ಇನ್ನೂ ಎಷ್ಟು ಹೊತ್ತು? ಬಕೆಟ್ ಒಳಗಿದೆ. ಬಟ್ಟೆ ಹೊರಗಿದೆ."

"ಇಪ್ಪತ್ತು ನಿಮಿಷ."

"ನಿಮ್ಮ ಇಪ್ಪತ್ತೋ, ಗಡಿಯಾರದ ಇಪ್ಪತ್ತೋ?"

ಅವನು ಬಕೆಟ್ಟನ್ನು ಬಾಗಿಲ ಸಂದಿಯಿಂದ ಹೊರಗೆ ದಾಟಿಸಿದ. ಅವಳು ಒಳಗೆ ಇಣುಕಿ, ಎರಡನೇ ಟ್ರೇಯನ್ನು ಕಂಡು, ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಸೋಡಿಯಂ ಸಲ್ಫೈಡ್ ಇನ್ನೂ ಮುಚ್ಚಳದ ಕೆಳಗೇ ಇತ್ತು, ಆದರೂ ಕೊಳೆತ ಮೊಟ್ಟೆಯ ವಾಸನೆಗೆ ಮುಚ್ಚಳ ಗಿಚ್ಚಳ ಅಂತ ಮುಲಾಜಿಲ್ಲ. ಬೇರೆ ಗಂಡಸರು ಭಾನುವಾರ ಮೊಟ್ಟೆ ತಂದುಕೊಡುತ್ತಾರೆ, ನೀವು ಬರೀ ವಾಸನೆ ತರುತ್ತೀರಿ ಎಂದು ಹೇಳಿ ಹೋದಳು. ಅವನು ನಕ್ಕ. ಇಷ್ಟು ವರ್ಷದಲ್ಲಿ ಅವಳ ಈ ತರಹದ ಮಾತುಗಳನ್ನು ಬರೆದಿಟ್ಟಿದ್ದರೆ ಒಂದು ಪುಸ್ತಕವಾಗುತ್ತಿತ್ತು. ಆದರೆ ಅವನು ಬರೆದಿಡುತ್ತಿದ್ದದ್ದು ಬೇರೆ. ಯಾವ ಕಾಗದ, ಎಷ್ಟು ಸೆಕೆಂಡು ಬೆಳಕು, ಯಾವ ದ್ರಾವಣದಲ್ಲಿ ಎಷ್ಟು ನಿಮಿಷ. ಪ್ರತಿ ಪ್ರಿಂಟಿನ ಬೆನ್ನಿನಲ್ಲೂ ಪೆನ್ಸಿಲಿನಿಂದ, ಇರುವೆ ಸಾಲಿನಂಥ ಅಕ್ಷರದಲ್ಲಿ.

ಅಕ್ಕನ ಫೋಟೋದ ಬೆನ್ನಲ್ಲೂ ಇತ್ತು. ಚೌಕಟ್ಟಿನಿಂದ ಬಿಡಿಸಿದ ದಿನ, ಇಪ್ಪತ್ತಾರು ವರ್ಷದ ಹಿಂದಿನ ತನ್ನ ಅಕ್ಷರವನ್ನು ಕಂಡು ಅವನಿಗೆ ಹಳೇ ಗೆಳೆಯ ಸಿಕ್ಕಷ್ಟು ಸಂತೋಷವಾಗಿತ್ತು. ಕಾಗದ: ಎರಡನೇ ನಂಬರು. ಬೆಳಕು: ಹದಿನಾಲ್ಕು ಸೆಕೆಂಡು. ಹೈಪೋ: ಹತ್ತು ನಿಮಿಷ. ತೊಳೆದದ್ದು: ಅರವತ್ತು ನಿಮಿಷ. ಇಪ್ಪತ್ತೆರಡರ ಹುಡುಗ ಎಷ್ಟು ಶಿಸ್ತಾಗಿ ಬರೆದಿದ್ದ! ಆ ಕೊನೆಯ ಸಾಲೇ ಮುಖ್ಯವಾದದ್ದು. ಚಿತ್ರವನ್ನು ಬೆಳಕಿಗೆ ಹೆದರದಂತೆ ನಿಲ್ಲಿಸುವುದು ಹೈಪೋ, ಆದರೆ ಕೆಲಸ ಮುಗಿದ ಮೇಲೆ ಅದು ಕಾಗದದಲ್ಲಿ ಉಳಿಯಬಾರದು. ದಪ್ಪ ಕಾಗದದ ನಾರುನಾರಿನಿಂದಲೂ ಅದನ್ನು ಹೊರಡಿಸಬೇಕಾದರೆ ಹರಿಯುವ ನೀರಿನಲ್ಲಿ ಒಂದು ಗಂಟೆ ಬೇಕು. ಆ ಒಂದು ಗಂಟೆ ಆಗಿದೆ ಎಂದು ಬರೆದಿರುವಾಗ ಇನ್ನೇನು? ಆದರೂ ಅವನು ಅವನೇ. ಮೊದಲು ಬೇರೊಂದು ಪ್ರಿಂಟಿನ ಮೇಲೆ, ಕಾಲೇಜಿನ ಹಿಂಭಾಗದ ನೀರಿನ ಟ್ಯಾಂಕಿನ ಚಿತ್ರದ ಮೇಲೆ, ಎರಡೂ ದ್ರಾವಣವನ್ನು ಪರೀಕ್ಷಿಸಿದ್ದ. ಟ್ಯಾಂಕು ಹೋಯಿತು, ಬಂತು. ಎಂದೂ ಯಾರೂ ತಿರುಗಿ ನೋಡದಿದ್ದ ಆ ಸಿಮೆಂಟಿನ ಟ್ಯಾಂಕು ಕಂದು ಬಣ್ಣದಲ್ಲಿ ಯಾವುದೋ ಕೋಟೆಯ ಬುರುಜಿನ ಹಾಗೆ ಗತ್ತಿನಿಂದ ನಿಂತಿತು.

ಹಳದಿ ದ್ರಾವಣದಿಂದ ಪ್ರಿಂಟನ್ನು ಎತ್ತಿ, ಮೂಲೆಯಿಂದ ಹನಿ ಬಸಿದು, ನಲ್ಲಿಯ ಕೆಳಗೆ ಹಿಡಿದ. ತೆಳು ಹಳದಿ ನೀರು ಬಚ್ಚಲಿಗೆ ಹರಿಯಿತು. ಕಾಗದದ ಮೇಲೆ ಈಗ ಅಕ್ಕನೂ ಇಲ್ಲ, ತಂತಿಯೂ ಇಲ್ಲ, ಬರೀ ಯಾರೋ ಉಸಿರು ಬಿಟ್ಟು ಹೋದಂಥ ಗುರುತು. ಫೋಟೋ ಅವನಿಗೆ ಕಣ್ಣು ಕಟ್ಟಿದರೂ ಕಾಣುವಷ್ಟು ಪಾಠವಾಗಿತ್ತು. ಬಾಡಿಗೆ ಮನೆಯ ತಾರಸಿ. ತಂತಿಯ ಮೇಲೆ ಒದ್ದೆ ಬಿಳಿ ಹೊದಿಕೆ, ಅದರ ಹಿಂದೆ ಹತ್ತು ಗಂಟೆಯ ಬಿಸಿಲು. ಮುಂದೆ ಇಪ್ಪತ್ತಾರರ ಅಕ್ಕ, ಜಡೆ ಭುಜದಿಂದ ಮುಂದಕ್ಕೆ, ಬಾಯಲ್ಲಿ ಬಟ್ಟೆಯ ಕ್ಲಿಪ್ಪು ಕಚ್ಚಿಕೊಂಡು ನಗುತ್ತಿದ್ದಾಳೆ. ಮತ್ತೆ ಹೊದಿಕೆಯ ಮೇಲೆ, ನೋಡಿದರೆ ಉಂಟು ನೋಡದಿದ್ದರೆ ಇಲ್ಲ ಎಂಬಷ್ಟು ತಿಳಿಬೂದಿನಲ್ಲಿ, ಆಚೆ ಬದಿಯಲ್ಲಿ ಬಟ್ಟೆ ಹರವುತ್ತಿದ್ದ ಅಮ್ಮನ ನೆರಳು. ಕೈ ಎತ್ತಿದೆ, ಕುತ್ತಿಗೆ ಬಾಗಿದೆ. ಕ್ಯಾಮೆರಾ ಕಂಡರೆ ಸಾಕು, ಅಮ್ಮ ಕೈಗೆ ಸಿಕ್ಕಿದ್ದನ್ನು ಮುಖಕ್ಕೆ ಹಿಡಿಯುತ್ತಿದ್ದಳು, ತಟ್ಟೆ, ದಿಂಬು, ಒಮ್ಮೆ ಅವನದೇ ಪ್ರಯೋಗದ ರೆಕಾರ್ಡು ಪುಸ್ತಕ. "ನನ್ನ ಮುಖ ನಂಗೆ ಗೊತ್ತಿದೆ, ಕಾಗದಕ್ಕೆ ಯಾಕೆ ಗೊತ್ತಾಗಬೇಕು?" ಅವಳು ಹೋಗಿ ಆರು ವರ್ಷ. ಮನೆಯ ಯಾವ ಆಲ್ಬಮ್ ತೆಗೆದರೂ ತಟ್ಟೆ, ದಿಂಬು, ಪುಸ್ತಕ. ಸಿಕ್ಕಿಬಿದ್ದದ್ದು ಈ ನೆರಳೊಂದೇ, ಅದೂ ಅವಳಿಗೆ ಗೊತ್ತಾಗದೆ. ಕ್ಲಿಕ್ಕಿಸುವಾಗ ಅವನಿಗೂ ಗೊತ್ತಿರಲಿಲ್ಲ. ಕೆಂಪು ದೀಪದ ಕೆಳಗೆ ಟ್ರೇಯಲ್ಲಿ ಚಿತ್ರ ಮೂಡುವಾಗ ಮೊದಲು ಕಂಡು ಕೂಗಿದವಳು ಅಕ್ಕ. "ನೋಡೋ, ಅಮ್ಮ ಸಿಕ್ಕಿದಳು!"

ಹಳದಿ ಪೂರ್ತಿ ಹೋದ ಮೇಲೆ ಕಿಟಕಿ ಅಗಲಿಸಿ, ಉಸಿರು ಬಿಗಿಹಿಡಿದು, ಮುಚ್ಚಳ ತೆಗೆದು, ಸಲ್ಫೈಡಿಗೆ ಇಳಿಸಿದ. ಒಂದು, ಎರಡು, ಮೂರು. ಮೊದಲು ಬಂದದ್ದು ಜಡೆ. ಕಂದು ಎಂದರೆ ಏನು ಕಂದು! ಕಾದ ಕಬ್ಬಿಣ ಆರಿದಂಥ, ಹಳೇ ಮರದ ಮೇಜಿನಂಥ ಬಣ್ಣ. ಆಮೇಲೆ ಹುಬ್ಬು, ಕಣ್ಣು, ಕ್ಲಿಪ್ಪು ಕಚ್ಚಿದ ತುಟಿ. ತಂತಿ ಎಳೆಯಾಗಿ ಓಡಿತು. ತಾರಸಿಯ ಮೋಟುಗೋಡೆ, ಅದರ ಬಿರುಕು, ಬಿರುಕಿನೊಳಗೆ ಇಪ್ಪತ್ತಾರು ವರ್ಷದಿಂದ ಯಾರ ಕಣ್ಣಿಗೂ ಬೀಳದೆ ಇದ್ದ ಒಂದು ಹುಲ್ಲುಗರಿ. ಅವನ ಬಾಯಿಂದ ತಾನಾಗಿ ಸಿಳ್ಳೆ ಬಂತು. ಇಪ್ಪತ್ತು, ಇಪ್ಪತ್ತೊಂದು. ಹೊದಿಕೆ ಬೆಳ್ಳಗಿತ್ತು. ನಲವತ್ತು. ಹೊದಿಕೆ ಬೆಳ್ಳಗೇ ಇತ್ತು. ತಿಳಿಬೂದು ನಿಧಾನಕ್ಕೆ ಬರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ನಿಧಾನಕ್ಕೆ ಬರುವುದಿಲ್ಲ, ಎಲ್ಲವೂ ಒಟ್ಟಿಗೇ ಬರುತ್ತದೆ ಎಂಬುದು ತಿಳಿದಿದ್ದೇ ಹೇಳಿಕೊಂಡ. ಎರಡು ನಿಮಿಷ. ಕನ್ನಡಕ ಒರೆಸಿದ. ಟ್ರೇಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. ಐದು ನಿಮಿಷಕ್ಕೆ ಇಕ್ಕಳದಿಂದ ಎತ್ತಿ ಕಣ್ಣ ಹತ್ತಿರ ಹಿಡಿದಾಗ ಮೂಗಿಗೆ ವಾಸನೆಯೂ ತಾಕಲಿಲ್ಲ. ಹೊದಿಕೆ ಅಂಗಡಿಯಿಂದ ಈಗಷ್ಟೇ ತಂದು ಬಿಚ್ಚಿದಂತೆ ಶುಭ್ರವಾಗಿತ್ತು. ಒಂದು ಮಡಿಕೆಯಿಲ್ಲ, ಒಂದು ಕಲೆಯಿಲ್ಲ, ಆಚೆ ಬದಿಯಲ್ಲಿ ಯಾರೂ ಇಲ್ಲ.

ಕೈಕಾಲು ಆಡದೆ ಕೂತಿರುವಾಗಲೂ ತಲೆ ಮಾತ್ರ ತರಗತಿಯಲ್ಲಿ ನಿಂತ ಹಾಗೆ ಪಾಠ ಒಪ್ಪಿಸುತ್ತಿತ್ತು. ತಿಳಿಬೂದು ಮಾತ್ರ ಹೋಗಿ ಕಪ್ಪು ಉಳಿದಿದೆ ಅಂದರೆ ಬೆಳ್ಳಿ ಕರಗಿ ಹೋಗಿದೆ. ಕರಗಿಸುವ ಶಕ್ತಿ ಹಳದಿ ದ್ರಾವಣ ಒಂದಕ್ಕೇ ಇಲ್ಲ. ಜೊತೆಗೆ ಹೈಪೋ ಸೇರಿದರೆ ಇದೆ. ಕಾಗದದಲ್ಲಿ ಹೈಪೋ ಇತ್ತು, ಅಂಚಿನ ಆ ಹಳದಿ ವಯಸ್ಸಿನ ಹಳದಿಯಲ್ಲ, ಹೈಪೋ ಒಳಗೊಳಗೇ ತಿನ್ನುತ್ತಿದ್ದುದರ ಹಳದಿ. ಅಂಚಿನಲ್ಲಿ ಒಂದು ಹನಿ ಸಿಲ್ವರ್ ನೈಟ್ರೇಟ್ ಇಟ್ಟಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಅದನ್ನು ಪ್ರತಿ ವರ್ಷ ಹುಡುಗರಿಗೆ ಮಾಡಿ ತೋರಿಸುವವನು ತನ್ನ ಅಕ್ಕನ ಫೋಟೋಗೆ ಯಾಕೆ ಮಾಡಲಿಲ್ಲ? ಬೆನ್ನಲ್ಲಿ ಬರೆದಿತ್ತಲ್ಲ, ಅರವತ್ತು ನಿಮಿಷ ಅಂತ. ಎಷ್ಟು ಬೆಳ್ಳಿ ಹೋಗಿರಬಹುದು? ಮನಸ್ಸು ಬೇಡವೆಂದರೂ ಲೆಕ್ಕ ಹಾಕಿತು. ಅಂಗೈಯಗಲದ ತಿಳಿಬೂದು, ಮಿಲಿಗ್ರಾಮಿನ ಕಾಲು ಭಾಗವೂ ಇರಲಿಕ್ಕಿಲ್ಲ. ಅವನ ಕಾಲೇಜಿನ ತಕ್ಕಡಿ ಅದನ್ನು ತೂಗಲು ತಡವರಿಸುತ್ತದೆ. ಅದು ಆ ತೆಳು ಹಳದಿ ನೀರಿನ ಜೊತೆ ಬಚ್ಚಲಿಗೆ ಇಳಿದು, ಇಷ್ಟು ಹೊತ್ತಿಗೆ ಬೀದಿಯ ಚರಂಡಿ ದಾಟಿರುತ್ತದೆ.

ಹಾಗಾದರೆ ಅರವತ್ತು ನಿಮಿಷ? ನಲ್ಲಿಯ ಸದ್ದು ಕೇಳಿತು, ಈ ನಲ್ಲಿಯದಲ್ಲ, ಆ ಮನೆಯದು, ತಿರುಗಿಸಿದರೆ ಕೆಮ್ಮಿ ಕೆಮ್ಮಿ ಬರುತ್ತಿದ್ದ ಹಿತ್ತಾಳೆ ನಲ್ಲಿ. ಅಮ್ಮ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ನದೀನೇ ತಂದು ಮನೆಯೊಳಗೆ ಹರಿಸ್ತಿದ್ದೀಯಲ್ಲೋ! ಕುಡಿಯೋಕಾದ್ರೂ ಉಳಿಸ್ತೀಯಾ?" ಹೌದು, ಅಮ್ಮ ನಲ್ಲಿ ನಿಲ್ಲಿಸಿದ್ದಳು. ಅವಳೇ ನಿಲ್ಲಿಸಿದ್ದಳು! ನೆನಪಾದದ್ದೇ ಅವನ ಎದೆಯ ಮೇಲಿನ ಭಾರ ಸರ್ರನೆ ಅರ್ಧ ಇಳಿಯಿತು. ತಟ್ಟೆ ಹಿಡಿದು ಮುಖ ಮುಚ್ಚಿಕೊಂಡವಳು, ದಿಂಬು ಹಿಡಿದವಳು, ಕೊನೆಗೆ ನಲ್ಲಿಯ ಮೂಲಕ ಇಲ್ಲಿಂದಲೂ ತಪ್ಪಿಸಿಕೊಂಡಳು. ಅಕ್ಕನಿಗೆ ಹೀಗೇ ಹೇಳಬಹುದು. ಅಕ್ಕ ನಗಲೂಬಹುದು. ಮಾತು ಎಷ್ಟು ಚೆನ್ನಾಗಿ ಕೂಡಿಬಂದಿತ್ತೆಂದರೆ ಅವನು ಅದನ್ನು ಎರಡು ಸಲ ಮನಸ್ಸಿನಲ್ಲಿ ಆಡಿ ನೋಡಿದ. ಎರಡನೆಯ ಸಲ ಆಡುವಾಗ ಕೆಳಗೆ ಬೀದಿಯಲ್ಲಿ ಸ್ಕೂಟರಿನ ಹಾರನ್ ಕೇಳಿತು. ಈಗಿನದಲ್ಲ, ಆಗಿನದೇ. ಗೆಳೆಯ ಬಂದಿದ್ದ, ಮ್ಯಾಚು ಶುರುವಾಗುವುದರಲ್ಲಿತ್ತು. ಅಮ್ಮ ನಲ್ಲಿಗೆ ಕೈ ಹಾಕಿಯೇ ಇರಲಿಲ್ಲ. ಬಕೆಟ್ ಕೆಳಗಿಟ್ಟು ಬಾಗಿಲಿಗೆ ಒರಗಿ, "ಇನ್ನೂ ಬೇಕಿದ್ರೆ ಹೇಳು, ನಾನು ಕಾಯ್ತೀನಿ. ನಂಗೇನು ಅವಸರ ಇಲ್ಲ" ಅಂದಿದ್ದಳು. ಇನ್ನೊಮ್ಮೆ ಹಾರನ್ ಆಯಿತು. "ಆಯ್ತಮ್ಮ, ಮುಗೀತು" ಎಂದು ನಲ್ಲಿ ತಿರುಗಿಸಿ ನಿಲ್ಲಿಸಿದವನು ಅವನು. ನೀರಿಗೆ ಹಾಕಿ ಎಂಟು ನಿಮಿಷವೂ ಆಗಿರಲಿಲ್ಲ. ಮತ್ತು ಬೆನ್ನಿನ ಬರಹ? ಅದನ್ನು ತೊಳೆಯುವ ಮೊದಲೇ ಬರೆದಾಗಿತ್ತು, ನೆನೆದ ಕಾಗದದ ಮೇಲೆ ಪೆನ್ಸಿಲ್ ಸರಿಯಾಗಿ ಹತ್ತುವುದಿಲ್ಲವೆಂದು, ಬೆಳಕು ಬಿಡುವುದಕ್ಕೂ ಮುಂಚೆ, ಒಣಗಿದ್ದಾಗಲೇ. ಪ್ರಯೋಗಾಲಯದಲ್ಲಿ ಪ್ರಯೋಗ ಮಾಡುವ ಮೊದಲೇ ಉತ್ತರ ಬರೆದಿಟ್ಟ ಹುಡುಗರ ರೆಕಾರ್ಡುಗಳ ಅಂಚಿನಲ್ಲಿ ಅವನು ಕೆಂಪು ಪೆನ್ಸಿಲಿನಿಂದ 'ಇದು ರಸಾಯನಶಾಸ್ತ್ರ, ಜ್ಯೋತಿಷ್ಯವಲ್ಲ' ಎಂದು ಬರೆಯುತ್ತಾನೆ. ಹುಡುಗರು ಹಿಂದಿನಿಂದ ಅವನ ದನಿಯಲ್ಲೇ ಅದನ್ನು ಅಣಕಿಸುತ್ತಾರೆ, ಅದೂ ಅವನಿಗೆ ಗೊತ್ತಿದೆ, ಒಳಗೊಳಗೇ ಹೆಮ್ಮೆಯೂ ಇದೆ. ಬಚ್ಚಲ ಗೋಡೆಯ ಕನ್ನಡಿಯಲ್ಲಿ ಕಿವಿ ಕೆಂಪಗಾದವನೊಬ್ಬ ಕಾಣಿಸಿದ.

ಹತ್ತೂಕಾಲು. ಪ್ರಿಂಟನ್ನು ತೊಳೆಯಲು ಬಿಟ್ಟು, ರೂಮಿನ ಮೇಜಿನಲ್ಲಿ ಸಣ್ಣ ಕುಂಚ, ಕಂದು ಬಣ್ಣದ ಬಾಟಲಿ, ಪಿಂಗಾಣಿ ಬಿಲ್ಲೆ ತೆಗೆದಿಟ್ಟುಕೊಂಡ. ಧೂಳಿನ ಬಿಳಿ ಚುಕ್ಕೆಗಳನ್ನು ಮುಚ್ಚಲು ಬಳಸುವ ಕುಂಚ. ಅವನ ಕೈ ಇದರಲ್ಲಿ ಪಳಗಿದ ಕೈ, ತಿದ್ದಿದ್ದು ಎಲ್ಲೆಂದು ಭೂತಗನ್ನಡಿ ಹಿಡಿದರೂ ತಿಳಿಯುವುದಿಲ್ಲ. ಒಂದು ನೆರಳು ಎಷ್ಟರದು? ಬಣ್ಣಕ್ಕೆ ನೀರು ಬೆರೆಸಿ ಬೆರೆಸಿ ಉಸಿರಿನಷ್ಟು ತೆಳುಮಾಡಿ, ಮೊದಲು ಚೂರು ಕಾಗದದ ಮೇಲೆ ಪ್ರಯತ್ನಿಸಿದ. ತಲೆ, ಬಾಗಿದ ಕುತ್ತಿಗೆ, ಎತ್ತಿದ ಕೈ. ಸರಿಯಾಗಲಿಲ್ಲ. ಇನ್ನೊಂದು. ಕೈ ಇಷ್ಟೆತ್ತರವೋ, ಅಷ್ಟೆತ್ತರವೋ? ಮೂರನೆಯದು ಬರೆಯುವಾಗ ಕುಂಚ ಗಾಳಿಯಲ್ಲೇ ನಿಂತುಬಿಟ್ಟಿತು. ಯಾವ ಕೈ? ಇಪ್ಪತ್ತಾರು ವರ್ಷ ನೋಡಿದ ಚಿತ್ರ. ಹುಲ್ಲುಗರಿಯೊಂದು ಬಿಟ್ಟರೆ ಎಲ್ಲವನ್ನೂ ಬಲ್ಲೆನೆಂದುಕೊಂಡಿದ್ದ. ಕಣ್ಣುಮುಚ್ಚಿದರೆ ನೆರಳು ಬರುತ್ತಿತ್ತು, ಅದರ ತಿಳಿಬೂದು ಬರುತ್ತಿತ್ತು, ಕೈ ಮಾತ್ರ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಬಾಗಿಲ ಗಂಟೆ ಬಾರಿಸಿತು. ಹತ್ತೂಮುಕ್ಕಾಲು.

"ಏನೇ ಇದು, ಮನೇಲಿ ಏನಾದ್ರೂ ಸತ್ತಿದೆಯೇನೇ?" ಹೊಸ್ತಿಲಲ್ಲೇ ಅಕ್ಕನ ದನಿ.

"ಏನೂ ಸತ್ತಿಲ್ಲ ಅತ್ತಿಗೆ, ಬನ್ನಿ. ನಿಮ್ಮ ತಮ್ಮ ಬಚ್ಚಲಲ್ಲಿ ವಿಜ್ಞಾನ ಬೇಯಿಸ್ತಿದ್ದಾರೆ."

"ಇನ್ನೂ ಬೆಂದಿಲ್ವಾ? ಎಲ್ಲೋ ನನ್ನ ಫೋಟೋ?"

ಅವನು ಬಿಳಿ ಟ್ರೇಯಲ್ಲಿ ತಿಳಿನೀರು ತುಂಬಿ, ಅದರೊಳಗೆ ಪ್ರಿಂಟನ್ನು ತೇಲಿಬಿಟ್ಟು, ಹಾಲಿನ ಮೇಜಿಗೆ ತಂದಿಟ್ಟ. ನಡೆದು ಬರುವಾಗ ನೀರು ಒಂದು ಹನಿಯೂ ತುಳುಕಲಿಲ್ಲ, ಅಷ್ಟು ನಿಧಾನ ಬಂದ. ಅಕ್ಕ ಬ್ಯಾಗು ಕುರ್ಚಿಗೆ ಎಸೆದು, ಕನ್ನಡಕ ಹಾಕಿಕೊಂಡು ಬಗ್ಗಿದಳು.

"ಅಯ್ಯೋ!" ಅಂದಳು. ಅವನು ಒಂದು ಹೆಜ್ಜೆ ಹಿಂದೆ ಸರಿದ. "ಅಯ್ಯೋ, ಎಷ್ಟು ಚೆನ್ನಾಗಿ ಮಾಡಿದ್ದೀಯೋ! ಈ ಜಡೆ ನೋಡೇ, ಮುಟ್ಟಿದ್ರೆ ಕೈಗೆ ಬರೋ ಹಾಗಿದೆ. ನಾನು ಇಷ್ಟು ಚೆನ್ನಾಗಿದ್ದೆನಾ?"

"ಈಗಲೂ ಹಾಗೇ ಇದ್ದೀರ, ಕ್ಲಿಪ್ಪೊಂದಿಲ್ಲ" ಅಂದಳು ಹೆಂಡತಿ, ಚಹಾ ಲೋಟ ಕೈಗಿಡುತ್ತಾ.

ಅಕ್ಕ ನೋಡುತ್ತಲೇ ಇದ್ದಳು. ತನ್ನ ಮುಖ, ತನ್ನ ನಗು, ಕಿವಿಯ ಓಲೆ. ಅವಳ ಕಣ್ಣು ಹೊದಿಕೆಯ ಕಡೆ ಹೋಗಲೇ ಇಲ್ಲ. ಅವನು ಎರಡು ಹೆಜ್ಜೆ ದೂರ ನಿಂತು ಆ ಕಣ್ಣುಗಳನ್ನೇ ಕಾಯುತ್ತಿದ್ದ. ಇವಳು ಇದನ್ನು ಒಣಗಿಸಿಕೊಂಡು ಹೋಗಿ, ಸ್ವಿಚ್ ಬೋರ್ಡಿನ ಪಕ್ಕ ಹಾಕಿ, ಭಾವನಿಗೆ ಜಡೆ ತೋರಿಸಿ ಸುಮ್ಮನಾಗಬಹುದು. ವರ್ಷಗಟ್ಟಲೆ ಗಮನಿಸದೆಯೂ ಇರಬಹುದು. ಹೇಳದೆ ಇದ್ದರೆ ಯಾರಿಗೆ ನಷ್ಟ? ನಂತರ, ಯಾವುದೋ ಸಂಜೆ ಕರೆಂಟು ಹೋಗಿ ಬಂದಾಗ, ಸ್ವಿಚ್ಚಿಗೆ ಕೈಚಾಚಿದ ಅಕ್ಕ ಆ ಬಿಳಿಯ ಮುಂದೆ ಹಾಗೇ ನಿಂತುಬಿಡುವುದು ಅವನಿಗೆ ಕಂಡಿತು. ಆಗ ಪಕ್ಕದಲ್ಲಿ ಯಾರೂ ಇರುವುದಿಲ್ಲ, ಅಲ್ಲಿದ್ದದ್ದು ತನ್ನ ಭ್ರಮೆಯೇ ಏನೋ ಎಂದು ಅವಳಿಗೆ ಅನುಮಾನ ಬರುತ್ತದೆ.

"ಅಕ್ಕಾ, ಹಿಂದಿನ ಹೊದಿಕೆ ನೋಡು."

ನೋಡಿದಳು. ಚಹಾ ಲೋಟವನ್ನು ಮೇಜಿನ ಮೇಲಿಟ್ಟಳು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು.

"ಎಲ್ಲೋ?"

"ಹೋಯ್ತು."

"ಹೋಯ್ತು ಅಂದ್ರೆ? ಹೋಗತ್ತೆ, ಆಮೇಲೆ ವಾಪಸ್ ಬರತ್ತೆ ಅಂತ ಊಟ ಆರೋವರೆಗೂ ಭಾಷಣ ಮಾಡಿದ್ಯಲ್ಲ?"

"ಉಳಿದದ್ದೆಲ್ಲ ಬಂತು. ಅದು ಬರಲಿಲ್ಲ."

"ಸರಿ, ನೆಗೆಟಿವ್ ಇದೆಯಲ್ಲ. ಭದ್ರವಾಗಿದೆ ಅಂದಿದ್ದೆ. ಇನ್ನೊಂದು ಮಾಡು."

ಅವನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ, ಪಾಪ, ಏನೂ ಅರಿಯದೆ, "ಯಾವ ನೆಗೆಟಿವ್ ರೀ? ಮನೆ ಬದಲಾಯಿಸಿದಾಗ ಎಲ್ಲಾ ಒಂದಕ್ಕೊಂದು ಅಂಟಿಕೊಂಡಿತ್ತಲ್ಲ, ನೀವು ನೀರಲ್ಲಿ ನೆನೆಸಿ ಬಿಡಿಸೋಕೆ ಹೋಗಿ ಕರಗಿಹೋಯ್ತಲ್ಲ, ಅದಾ?" ಅಂದಳು. ಅಂದವಳೇ ಅವನ ಮುಖ ಕಂಡು, ಅಡುಗೆಮನೆಯಲ್ಲಿ ಏನೋ ಇದೆಯೆಂಬಂತೆ ಒಳಗೆ ಸರಿದಳು.

"ನೀವು ಮನೆ ಬದಲಾಯಿಸಿ ಏಳು ವರ್ಷ," ಅಂದಳು ಅಕ್ಕ. "ಏಳು ವರ್ಷದಿಂದ ಫೋನಲ್ಲಿ ಭದ್ರವಾಗಿದೆ ಭದ್ರವಾಗಿದೆ ಅಂತಿದ್ದೀಯ."

ನಲ್ಲಿಯ ಮಾತು ನಾಲಗೆಯ ತುದಿಯಲ್ಲೇ ಇತ್ತು, ಚೆನ್ನಾಗಿ ಕೂಡಿಬಂದದ್ದು, ಅಮ್ಮ ಸೊಗಸಾಗಿ ತಪ್ಪಿಸಿಕೊಳ್ಳುವಂಥದ್ದು. ಅವನು ಅದನ್ನು ನುಂಗಿ, ಸ್ಕೂಟರಿನ ಹಾರನ್ನಿನಿಂದ ಶುರುಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹೇಳುತ್ತಾ ಹೇಳುತ್ತಾ ಪ್ರಿಂಟನ್ನು ನೀರಿನಲ್ಲಿ ಮಗುಚಿ ಹಾಕಿದ. ಅಕ್ಕ ಬೆನ್ನಿನ ಬರಹವನ್ನು ಓದಿದಳು.

"ಇದು ನಿನ್ನ ಅಕ್ಷರ."

"ಹೌದು."

"ಅರವತ್ತು ನಿಮಿಷ ಅಂತಿದೆ."

"ಎಂಟು."

"ಎಂಟು ನಿಮಿಷ ತೊಳೆದು ಅರವತ್ತು ಅಂತ ಬರೆದ್ಯಾ?"

"ಅರವತ್ತು ಅಂತ ಬರೆದು ಎಂಟು ನಿಮಿಷ ತೊಳೆದೆ."

ಅಕ್ಕ ಅವನ ಮುಖ ನೋಡಿದಳು. "ಅರೆಗ್ರಾಮು ಅಂತೆ ಅರೆಗ್ರಾಮು!" ಎಂದು ಅಂಗೈಯಿಂದ ಅವನ ತಲೆಗೆ ಒಂದು ಬಿಟ್ಟಳು. ನಲವತ್ತೆಂಟು ವರ್ಷದ ತಲೆ, ಮುಂಭಾಗ ಬೋಳಾಗಿದ್ದರಿಂದ ಸದ್ದು ಜೋರಾಗೇ ಬಂತು. ಒಳಗೆ ಹೆಂಡತಿಯ ಕೈಯಲ್ಲಿ ಚಮಚವೊಂದು ಬಿತ್ತು. ಅಕ್ಕನಿಗೆ ನಗು ಬಂತೋ ಏನೋ ಬಂತೋ, ತುಟಿ ಕಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು.

"ಬೇಕಿದ್ರೆ ಬರೆದುಕೊಡ್ತೀನಿ ಅಕ್ಕಾ. ಬಣ್ಣ ಇದೆ. ಗೊತ್ತೇ ಆಗಲ್ಲ." ಎಂದು ಹೇಳಿ, ಹೇಳಿದ ತಪ್ಪಿಗೆ ರೂಮಿಗೆ ಹೋಗಿ ಚೂರು ಕಾಗದವನ್ನು ತಂದು ತೋರಿಸಿದ.

ಅಕ್ಕ ಕಾಗದವನ್ನು ದೂರ ಹಿಡಿದು ನೋಡಿದಳು. "ಯಾರೋ ಇವರು ಮೂರು ಜನ? ಓಡ್ತಿರೋ ಬಸ್ಸಿಗೆ ಕೈ ತೋರಿಸೋ ಹಾಗಿದ್ದಾರೆ."

"ಯಾವ ಕೈ ಎತ್ತಿದ್ದಳು ಅಂತ ನೆನಪಾಗಲಿಲ್ಲ."

"ಎಡಗೈ ಅಲ್ಲದೆ ಇನ್ಯಾವುದೋ? ಬಲಭುಜ ಏಳ್ತಾನೇ ಇರಲಿಲ್ಲವಲ್ಲ ಅವಳಿಗೆ. ತಲೆ ಬಾಚೋಕೂ ನನ್ನ ಕರೀತಿದ್ದಳು. ತಂತಿ ಅದಕ್ಕೇ ಒಂದು ಗೇಣು ಕೆಳಗೆ ಕಟ್ಟಿದ್ದು." ಅಕ್ಕ ನಿಂತು, ನಿಧಾನಕ್ಕೆ ಕೇಳಿದಳು, "ನಿಂಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಚಹಾಪುಡಿಯ ಅರ್ಧ ಗ್ರಾಂ ಗೊತ್ತಿತ್ತು. ತಂತಿ ಯಾಕೆ ತಲೆಗೆ ತಾಕುತ್ತದೆ ಎಂದು ತಾರಸಿಗೆ ಹೋದಾಗಲೆಲ್ಲ ಗೊಣಗಿದ್ದೂ ನೆನಪಿತ್ತು. ಅವನು ಇಲ್ಲವೆಂದು ತಲೆಯಾಡಿಸಿದ. ಅಕ್ಕ ಕೈಯನ್ನು ನೀರಿಗೆ ಇಳಿಸಿ, ಪ್ರಿಂಟನ್ನು ಮಗುಚಿ, ಚಿತ್ರದ ಹೊದಿಕೆಯ ಮೇಲೆ ಬೆರಳಿಟ್ಟಳು. ನೆನೆದ ಅಂಟಿನ ಮೇಲೆ ಬೆರಳು ಇಡಬಾರದು, ಗುರುತು ಬೀಳುತ್ತದೆ. ಅವನು ತಡೆಯಲಿಲ್ಲ.

"ಇಲ್ಲಿತ್ತು ತಲೆ. ಇಲ್ಲಿ ಕೈ."

"ಅಷ್ಟು ಕೆಳಗಾ? ತಲೆ ಇನ್ನೂ ಮೇಲಿತ್ತಲ್ಲಾ. ನಿನ್ನ ಕಿವಿಯ ಎತ್ತರಕ್ಕೆ."

"ನನ್ನ ಕಿವಿಯ ಎತ್ತರಕ್ಕೆ ಅಮ್ಮ ಯಾವತ್ತಿದ್ದಳೋ? ನನ್ನ ಭುಜಕ್ಕೆ ಬರ್ತಿದ್ದಳು."

"ನೆರಳಲ್ವಾ ಅಕ್ಕಾ, ಬಿಸಿಲು ಓರೆ ಇದ್ದರೆ ಎತ್ತರ ಬದಲಾಗತ್ತೆ."

"ನಿನ್ನ ಬಿಸಿಲನ್ನ ನೀನೇ ಇಟ್ಕೋ. ನಾನು ದಿನಾ ಲೈಟು ಹಾಕುವಾಗ ನೋಡ್ತಿದ್ದೆ ಕಣೋ. ದಿನಾ." ಆ ಕೊನೆಯ ಮಾತಿಗೆ ಅವಳ ದನಿ ಸ್ವಲ್ಪ ಒಡೆಯಿತು. ತಕ್ಷಣ ಸರಿಮಾಡಿಕೊಂಡು ಒಳಕ್ಕೆ ಕೂಗಿದಳು. "ಏನೇ, ಬಾಲ್ಕನಿಯಲ್ಲಿ ಬಿಳಿ ಹೊದಿಕೆ ಒಣಗಿಸಿದ್ದೀಯಾ?"

"ನೀಲಿ ಗೆರೆಯದು ಇದೆ ಅತ್ತಿಗೆ. ಬಿಳೀದು ಬಕೆಟ್ಟಲ್ಲಿದೆ, ಹಿಂಡಿದ್ದೀನಿ, ಹರವಿಲ್ಲ."

"ಅದನ್ನ ಹಾಕು."

ಬಾಲ್ಕನಿ ಕಿರಿದು, ಪೂರ್ವಕ್ಕಿತ್ತು. ಹೆಂಡತಿ ಬಿಳಿ ಹೊದಿಕೆಯನ್ನು ಒಮ್ಮೆ ಛಟ್ಟನೆ ಒದರಿ ತಂತಿಯ ಮೇಲೆ ಹರವಿದಳು. ಒದ್ದೆ ಬಟ್ಟೆ ಬಿಸಿಲಿಗೆ ಒಳಗಿನಿಂದ ದೀಪ ಹಚ್ಚಿದ ಹಾಗೆ ಬೆಳಗಿತು. "ಅರೆಗ್ರಾಮು, ಆ ಕಡೆ ಹೋಗು" ಎಂದಳು ಅಕ್ಕ. ಅವನು ಹೊದಿಕೆಯ ಕೆಳಗೆ ನುಸುಳಿದ. ಬೆನ್ನ ಮೇಲೆ ತಣ್ಣನೆ ನೀರು ಇಳಿಯಿತು. ಆಚೆ, ಕಂಬಿಗೂ ಬಟ್ಟೆಗೂ ನಡುವೆ ಒಬ್ಬ ನಿಲ್ಲುವಷ್ಟು ಜಾಗ. ಎದುರು ಮನೆಯ ಮಹಡಿಯಲ್ಲಿ ಪೇಪರ್ ಓದುತ್ತಿದ್ದವರೊಬ್ಬರು ತಲೆಯೆತ್ತಿ ನೋಡಿದರು. ಅವನು ಅವರಿಗೆ ನಮಸ್ಕಾರ ಹೇಳುವಂತೆ ತಲೆ ಬಾಗಿಸಿ, ತಿರುಗಿ, ಬಟ್ಟೆಗೆ ಮುಖಮಾಡಿ ಎಡಗೈ ಎತ್ತಿದ.

"ಅಷ್ಟೆತ್ತರ ಅಲ್ವೋ. ಅವಳೇನು ನಿನ್ನಷ್ಟು ಉದ್ದ ಇದ್ದಳಾ? ಮಂಡಿ ಬಗ್ಗಿಸು."

ಬಗ್ಗಿಸಿದ. ಮಂಡಿ ಲಟಕ್ಕೆಂದಿತು.

"ಇನ್ನೂ. ಸ್ವಲ್ಪ ಈ ಕಡೆ. ಈ ಕಡೆ ಅಂದ್ರೆ ನನ್ನ ಈ ಕಡೆ. ಮೊಣಕೈ ಮಡಚು. ಬೆರಳು ಕೂಡಿಸು, ಕ್ಲಿಪ್ ಹಿಡಿದ ಹಾಗೆ. ತಲೆ ಬಗ್ಗಿಸು, ಕೈ ಕಡೆ ನೋಡಬಾರದು, ಅವಳು ಕೈ ಕಡೆ ನೋಡ್ತಾನೇ ಇರಲಿಲ್ಲ, ಬುಟ್ಟಿ ಕಡೆ ನೋಡ್ತಿದ್ದಳು. ಇನ್ನೊಂದು ಸ್ವಲ್ಪ."

ಇನ್ನೊಂದು ಸ್ವಲ್ಪ ಬಗ್ಗಿಸಿದ.

"ಹಾಂ," ಅಂದಳು ಅಕ್ಕ.

ಅದು ಬೇರೆ ದನಿ. ಹೆಂಡತಿ "ಅತ್ತಿಗೆ" ಎಂದು ಏನೋ ಹೇಳಹೊರಟು ಅಲ್ಲಿಗೇ ನಿಲ್ಲಿಸಿದಳು. ಅವನಿಗೆ ಕಾಣುತ್ತಿದ್ದದ್ದು ಮೂಗಿನಿಂದ ನಾಲ್ಕು ಬೆರಳು ದೂರದಲ್ಲಿ ಬಿಳಿ ನೂಲಿನ ನೇಯ್ಗೆ, ಎಳೆ ಎಳೆಯೂ ಹೊಳೆಯುವ ನೇಯ್ಗೆ, ಅಷ್ಟೆ. ಅದರಾಚೆ ಅಕ್ಕ ಯಾವ ಮುಖ ಮಾಡಿಕೊಂಡು ನಿಂತಿದ್ದಾಳೆಂದು ತಿಳಿಯುವ ಉಪಾಯವಿರಲಿಲ್ಲ. ಅಭ್ಯಾಸಬಲದಿಂದ ಮನಸ್ಸು ಸೆಕೆಂಡು ಎಣಿಸತೊಡಗಿತ್ತು. ನಲವತ್ತರವರೆಗೆ ಎಣಿಸಿ ಅವನು ಅದನ್ನು ಬಿಟ್ಟುಬಿಟ್ಟ. ಮಂಡಿ ನಡುಗಲು ಹತ್ತಿತು, ಭುಜದಲ್ಲಿ ಸಣ್ಣಗೆ ಉರಿ ಎದ್ದಿತು, ಹೊದಿಕೆಯ ಅಂಚಿನಿಂದ ಒಂದು ಹನಿ ಬೆರಳಿಗಿಳಿದು ಮೊಣಕೈವರೆಗೂ ಹರಿಯಿತು. ತಲೆಯೆತ್ತದೆ, ಇಲ್ಲದ ಬುಟ್ಟಿಯನ್ನೇ ನೋಡುತ್ತಾ, ಕೈಯನ್ನು ಎತ್ತಿದಲ್ಲೇ ಹಿಡಿದು ಅವನು ನಿಂತೇ ಇದ್ದ.